ಸ್ಯಾಶೆ ಕುಡಿದರೆ ಹೊಟ್ಟೆ ಕರಗುತ್ತಾ? ಗಂಡಸರ ಬೊಜ್ಜು, ವಿಟಮಿನ್ ಡಿ ಮತ್ತು ಯಾರೂ ಮಾರದ ಔಷಧಿ

ಎರಡು ವರ್ಷದ ಹಿಂದಿನ ಮಾತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಆಫರ್ ಬಂತು. ಎಂಬತ್ತು ಚಿಲ್ಲರೆ ಟೆಸ್ಟ್‌ಗಳ 'ಫುಲ್ ಬಾಡಿ ಚೆಕಪ್', ಅರ್ಧ ರೇಟು, ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ. ನನಗಾಗ ಮೂವತ್ತನಾಲ್ಕು ವಯಸ್ಸು, 96 ಕೆ.ಜಿ. ತೂಕ, ಮನೆಯಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ. ಕೊಟ್ಟೆ. ಮಾರನೇ ದಿನ ಮೊಬೈಲಿಗೆ ಬಂದ ರಿಪೋರ್ಟಿನಲ್ಲಿ ಎರಡು ಸಾಲು ಕೆಂಪಗಿದ್ದವು. ಒಂದು, ವಿಟಮಿನ್ ಡಿ: 11. ಇನ್ನೊಂದು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ: 6.0. ಅಂದರೆ ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ.

ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ ನಕ್ಕರು. "ಬಳ್ಳಾರಿ ಬಿಸ್ಲಾಗೆ ಬೆಳೆದೋನಿಗೆ ಬಿಸ್ಲಿಂದ ಬರೋದೇ ಕಮ್ಮಿ ಆಯ್ತಾ? ಏನ್ ಕಾಲ ಬಂತಪ್ಪಾ!"

ರಿಪೋರ್ಟ್ ಜೊತೆ ಫ್ರೀಯಾಗಿ ಫೋನ್ ಸಲಹೆಯೂ ಇತ್ತು. ಆ ಕಡೆ ಇದ್ದವರು ವಿಟಮಿನ್ ಡಿ ಬಗ್ಗೆ ನಾಲ್ಕು ನಿಮಿಷ ಮಾತಾಡಿದರು. "ಡಿ ಸರಿ ಹೋದ್ರೆ ಸುಸ್ತು, ತೂಕ, ಶುಗರ್ ಎಲ್ಲಾ ತಾನಾಗೇ ಲೈನಿಗೆ ಬರುತ್ತೆ ಸರ್." ಆ 6.0 ಬಗ್ಗೆ ಹೇಳಿದ್ದು ಒಂದೇ ಮಾತು: "ಸ್ವೀಟ್ ಕಮ್ಮಿ ಮಾಡಿ." ವಾರಕ್ಕೊಂದರಂತೆ 60,000 ಐ.ಯು. ಸ್ಯಾಶೆ, ಎಂಟು ವಾರ, ಹಾಲಿನಲ್ಲಿ ಕಲಸಿಕೊಂಡು ಕುಡಿದೆ. ಮೂರು ತಿಂಗಳ ನಂತರ ಮತ್ತೆ ಟೆಸ್ಟ್. ವಿಟಮಿನ್ ಡಿ 38, ಹಸಿರು ಬಣ್ಣ. ತೂಕ 97. ಎಚ್‌ಬಿಎ1ಸಿ 6.1.

ಒಂದು ನಂಬರ್ ಸರಿಹೋಯಿತು. ಯಾವ ನಂಬರ್ ಸರಿಹೋಗಲಿ ಅಂತ ಆ ನಂಬರ್ ಸರಿಮಾಡಿದ್ದೆನೋ ಅದು ಕದಲಲಿಲ್ಲ. ನನ್ನೊಬ್ಬನ ರಿಪೋರ್ಟ್ ಇಟ್ಟುಕೊಂಡು ತೀರ್ಪು ಕೊಡುವ ಹಾಗಿಲ್ಲ, ನಿಜ. ಆದರೆ ಆಮೇಲೆ ಕುಳಿತು ಓದಿದಾಗ ಗೊತ್ತಾಗಿದ್ದು ಇಷ್ಟು: ನನಗಾದದ್ದೇ ಸಾವಿರಾರು ಜನರ ಮೇಲೆ ನಡೆದ ಪ್ರಯೋಗಗಳಲ್ಲೂ ಹೆಚ್ಚುಕಡಿಮೆ ಆಗಿದೆ. ಹಾಗಿದ್ದೂ ಈ ಸ್ಯಾಶೆ ನಮ್ಮ ವಯಸ್ಸಿನ ಗಂಡಸರ ಮನೆ ಮನೆಗೆ ಹೇಗೆ ಬಂತು, ಅದರ ಹಿಂದೆ ಏನು ಮರೆಯಾಯಿತು ಅನ್ನುವುದು ಆರೋಗ್ಯದ ಪ್ರಶ್ನೆಯಷ್ಟೇ ಅಲ್ಲ, ರಾಜಕೀಯದ ಪ್ರಶ್ನೆಯೂ ಹೌದು.

ಕೊರತೆ ಕಾರಣವೋ, ಪರಿಣಾಮವೋ?

ದಪ್ಪ ಇರುವವರಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ. ಇದರಲ್ಲಿ ಅನುಮಾನ ಇಲ್ಲ, ದೇಶ ದೇಶಗಳಲ್ಲಿ ಕಂಡ ಸಂಗತಿ. ಮಾರಾಟದ ಕಥೆ ಶುರುವಾಗುವುದೇ ಇಲ್ಲಿಂದ: "ಡಿ ಕಡಿಮೆ ಆಗಿದ್ದಕ್ಕೇ ದಪ್ಪ ಆದೆ, ಡಿ ತುಂಬಿಸಿದರೆ ಸಣ್ಣ ಆಗ್ತೀಯ." ಎಂಜಿನಿಯರಿಂಗ್ ಓದಿದ ನಮಗೆ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟ ಪಾಠ ಒಂದಿದೆ. ಎರಡು ಸಂಗತಿ ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಬೇಕಿಲ್ಲ.

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವ ವಸ್ತು. ಬಿಸಿಲಿಗೆ ಚರ್ಮದಲ್ಲಿ ತಯಾರಾದದ್ದಾಗಲಿ, ಮಾತ್ರೆಯಲ್ಲಿ ನುಂಗಿದ್ದಾಗಲಿ, ಅದರಲ್ಲಿ ಒಂದು ಪಾಲು ಮೈಯ ಕೊಬ್ಬಿನೊಳಗೆ ಸೇರಿಹೋಗುತ್ತದೆ. ಕೊಬ್ಬು ಜಾಸ್ತಿ ಇದ್ದಷ್ಟೂ ಅದು ಹಂಚಿಹೋಗುವ ಜಾಗ ದೊಡ್ಡದು, ರಕ್ತದಲ್ಲಿ ಕಾಣುವುದು ಕಡಿಮೆ. ಒಂದೇ ಚಮಚ ಉಪ್ಪನ್ನು ಒಂದು ಲೋಟ ನೀರಿಗೂ ಒಂದು ಕೊಡ ನೀರಿಗೂ ಹಾಕಿ ರುಚಿ ನೋಡಿದ ಹಾಗೆ. 2000ನೇ ಇಸವಿಯಲ್ಲೇ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಬೊಜ್ಜಿರುವವರಿಗೂ ಇಲ್ಲದವರಿಗೂ ಒಂದೇ ಪ್ರಮಾಣದ ನೇರಳಾತೀತ ಬೆಳಕು ಕೊಟ್ಟು ನೋಡಿದರೆ, ಬೊಜ್ಜಿದ್ದವರ ರಕ್ತದಲ್ಲಿ ವಿಟಮಿನ್ ಡಿ ಏರಿದ್ದು ಉಳಿದವರಿಗಿಂತ 57% ಕಡಿಮೆ.

ಇನ್ನೂ ಗಟ್ಟಿ ಪುರಾವೆ 2013ರಲ್ಲಿ ಬಂತು. 'ಪ್ಲಾಸ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನ 21 ಗುಂಪುಗಳ ಸುಮಾರು 42,000 ಜನರ ವಂಶವಾಹಿಗಳನ್ನು ನೋಡಿತು. ಇದರ ತರ್ಕ ಸರಳ. ಹುಟ್ಟುವಾಗ ಬಂದ ವಂಶವಾಹಿ ಆಮೇಲಿನ ಊಟ, ಕೆಲಸ, ಬಿಸಿಲಿನಿಂದ ಬದಲಾಗುವುದಿಲ್ಲ. ಆದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಅಂತ ಪತ್ತೆ ಹಚ್ಚುವುದಕ್ಕೆ ಅದು ಒಳ್ಳೆಯ ಸಾಕ್ಷಿ. ತೂಕ ಹೆಚ್ಚಿಸುವ ವಂಶವಾಹಿ ಇದ್ದವರಲ್ಲಿ ವಿಟಮಿನ್ ಡಿ ಕಡಿಮೆ ಇತ್ತು. ಆದರೆ ವಿಟಮಿನ್ ಡಿ ಕಡಿಮೆ ಮಾಡುವ ವಂಶವಾಹಿ ಇದ್ದವರ ತೂಕ ಹೆಚ್ಚೇನೂ ಇರಲಿಲ್ಲ. ಅಂದರೆ ಬಾಣದ ಗುರುತು ಬೊಜ್ಜಿನಿಂದ ಡಿ ಕಡೆಗಿದೆ. ನಮಗೆ ಮಾರಿದ್ದು ಅದನ್ನು ತಿರುಗಿಸಿಟ್ಟ ಕಥೆ.

ಪ್ರಯೋಗಗಳು ಏನು ಹೇಳಿದವು?

ತರ್ಕ ಬಿಡಿ, ಕೊಟ್ಟು ನೋಡಿದರೆ ಏನಾಯಿತು? ಲಾಟರಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಅದೇ ಥರ ಕಾಣುವ ಡಮ್ಮಿ ಮಾತ್ರೆ ಕೊಟ್ಟು ನಡೆಸುವ ಪ್ರಯೋಗಗಳೇ ಇಲ್ಲಿ ಲೆಕ್ಕಕ್ಕೆ ಬರುವುದು.

2009ರಲ್ಲಿ ಜರ್ಮನಿಯಲ್ಲಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ 200 ಜನರಿಗೆ ಒಂದು ವರ್ಷ ಹೀಗೆ ಕೊಟ್ಟರು. ಎರಡೂ ಗುಂಪಿನವರು ಇಳಿದದ್ದು ಹೆಚ್ಚುಕಡಿಮೆ ಅಷ್ಟೇ ಕೆ.ಜಿ. 2013ರಲ್ಲಿ ಡೆನ್ಮಾರ್ಕ್‌ನಲ್ಲಿ ಬೊಜ್ಜೂ ಇದ್ದ, ವಿಟಮಿನ್ ಡಿ ಕೊರತೆಯೂ ಇದ್ದ 52 ಜನರಿಗೆ 26 ವಾರ ದಿನಕ್ಕೆ 7,000 ಐ.ಯು. ಕೊಟ್ಟು ನೋಡಿದರು. ರಕ್ತದಲ್ಲಿ ಡಿ ಏರಿತು. ಹೊಟ್ಟೆಯ ಕೊಬ್ಬು, ಉರಿಯೂತ, ಇನ್ಸುಲಿನ್ ಕೆಲಸ ಮಾಡುವ ರೀತಿ, ಯಾವುದೂ ಸುಧಾರಿಸಲಿಲ್ಲ.

ಇವೆಲ್ಲ ಸಣ್ಣವು ಅಂತೀರಾ? ಅಮೆರಿಕದ 'ವೈಟಲ್' ಪ್ರಯೋಗದಲ್ಲಿ 25,871 ಜನರಿದ್ದರು, ಐದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ದಿನಕ್ಕೆ 2,000 ಐ.ಯು. ತಗೊಂಡವರಿಗೆ ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ. ಇವರಲ್ಲಿ ಬಹಳ ಜನಕ್ಕೆ ಕೊರತೆಯೇ ಇರಲಿಲ್ಲವಲ್ಲ ಅನ್ನುವ ಆಕ್ಷೇಪ ಇದೆ. ಅದು ನ್ಯಾಯವಾದದ್ದೇ.

ಗಂಡಸರಿಗೆಂದೇ ಇನ್ನೊಂದು ಆಮಿಷ ಇದೆ: ಟೆಸ್ಟೋಸ್ಟೆರಾನ್. ಜಿಮ್ ರೀಲ್ಸ್ ನೋಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೂಲ 2011ರಲ್ಲಿ ಆಸ್ಟ್ರಿಯಾದ ಗ್ರಾಜ್‌ನ ಸಂಶೋಧಕರು ಪ್ರಕಟಿಸಿದ ಒಂದು ಸಣ್ಣ ವರದಿ. ತೂಕ ಇಳಿಸುವ ಕಾರ್ಯಕ್ರಮದಲ್ಲಿದ್ದ 54 ಗಂಡಸರಲ್ಲಿ, ವಿಟಮಿನ್ ಡಿ ತಗೊಂಡವರ ಟೆಸ್ಟೋಸ್ಟೆರಾನ್ ಏರಿತ್ತು. ಅದೇ ಗ್ರಾಜ್‌ನವರು ಆಮೇಲೆ ಇದನ್ನೇ ಪರೀಕ್ಷಿಸಲು ಎರಡು ಪ್ರಯೋಗ ನಡೆಸಿದರು. ಟೆಸ್ಟೋಸ್ಟೆರಾನ್ ಸರಿಯಿದ್ದ ಗಂಡಸರ ಮೇಲೆ ಮಾಡಿದ್ದು 2017ರಲ್ಲಿ, ಕಡಿಮೆ ಇದ್ದವರ ಮೇಲೆ ಮಾಡಿದ್ದು 2019ರಲ್ಲಿ ಪ್ರಕಟವಾದವು. ಎರಡರಲ್ಲೂ ಟೆಸ್ಟೋಸ್ಟೆರಾನ್ ಏರಲಿಲ್ಲ. ರೀಲ್ಸ್ ಮಾತ್ರ 2011ರಲ್ಲೇ ನಿಂತಿವೆ.

ಹಾಗಾದರೆ ಎಲ್ಲ ಮೋಸವಾ?

ಅಲ್ಲ. ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದ ಮಾತೊಂದಿದೆ, ಯಾಕೆಂದರೆ ಅದು ನನಗೇ ಸಂಬಂಧಿಸಿದ್ದು.

2019ರಲ್ಲಿ ಬಂದ 'ಡಿ2ಡಿ' ಪ್ರಯೋಗದಲ್ಲಿ ನನ್ನ ಹಾಗೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವ 2,423 ಜನರಿದ್ದರು. ದಿನಕ್ಕೆ 4,000 ಐ.ಯು. ಕೊಟ್ಟು ಸರಾಸರಿ ಎರಡೂವರೆ ವರ್ಷ ನೋಡಿದಾಗ, ಡಮ್ಮಿ ಮಾತ್ರೆಯವರಲ್ಲಿ 323 ಜನಕ್ಕೆ ಕಾಯಿಲೆ ಬಂತು, ವಿಟಮಿನ್ ಡಿಯವರಲ್ಲಿ 293 ಜನಕ್ಕೆ. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಅನ್ನುವಷ್ಟು ಸಣ್ಣದು. ಆದರೆ ಇದೇ ಥರದ ಮೂರು ಪ್ರಯೋಗಗಳನ್ನು 2023ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸಣ್ಣದಾದರೂ ನಿಜವಾದ ಲಾಭ ಕಂಡಿತು: ಮೂರು ವರ್ಷದಲ್ಲಿ ನೂರಕ್ಕೆ ಸುಮಾರು ಮೂರು ಜನಕ್ಕೆ ಕಾಯಿಲೆ ತಪ್ಪುತ್ತದೆ. ಡಿ2ಡಿಯೊಳಗೇ ಇನ್ನೆರಡು ಸುಳಿವುಗಳಿದ್ದವು. ಡಿ 12ಕ್ಕಿಂತ ಕಡಿಮೆ ಇದ್ದ ನೂರು ಚಿಲ್ಲರೆ ಜನರಲ್ಲಿ ಲಾಭ ಹೆಚ್ಚು ಕಂಡಿತು. ಬಿಎಂಐ 30 ದಾಟಿದವರಲ್ಲಿ ಲಾಭವೇ ಕಾಣಲಿಲ್ಲ. ನಾನು ಎರಡೂ ಗುಂಪಿಗೆ ಸೇರಿದವನು! ಇಂಥ ಸಣ್ಣ ಗುಂಪಿನ ಲೆಕ್ಕಗಳನ್ನು ಸುಳಿವು ಅಂತ ಮಾತ್ರ ನೋಡಬೇಕು. ಅದೇ ಕೊನೆ ಮಾತಲ್ಲ.

ಜೊತೆಗೆ, ತೀರಾ ಕಡಿಮೆ ವಿಟಮಿನ್ ಡಿ ಮೂಳೆಗೆ ಕೆಟ್ಟದ್ದು. ಮಕ್ಕಳಲ್ಲಿ ರಿಕೆಟ್ಸ್, ದೊಡ್ಡವರಲ್ಲಿ ಮೂಳೆ ಮೆತ್ತಗಾಗುವುದು ನಿಜವಾದ ಕಾಯಿಲೆಗಳು. ನನ್ನ 11ಕ್ಕೆ ಚಿಕಿತ್ಸೆ ಬೇಕಿತ್ತು. ನನ್ನ ತಕರಾರು ಸ್ಯಾಶೆಯ ಮೇಲಲ್ಲ, ಅದರ ಜೊತೆ ಉಚಿತವಾಗಿ ಬಂದ ಭರವಸೆಯ ಮೇಲೆ.

ಅತಿ ಆದರೆ ಇದೂ ವಿಷವೇ. ಭಾರತದಲ್ಲಿ ವಯಸ್ಕರಿಗೆ ಐಸಿಎಂಆರ್ ಹೇಳುವ ಪ್ರಮಾಣ ದಿನಕ್ಕೆ 600 ಐ.ಯು. ಡಾಕ್ಟರ ನಿಗಾ ಇಲ್ಲದೆ ದಾಟಬಾರದು ಅಂತ ಅಮೆರಿಕದ ತಜ್ಞರ ಸಮಿತಿ ಹಾಕಿದ ಮಿತಿ ದಿನಕ್ಕೆ 4,000. ವಾರಕ್ಕೊಂದು 60,000ದ ಸ್ಯಾಶೆ ಅಂದರೆ ದಿನಕ್ಕೆ ಸುಮಾರು 8,500 ಆಯಿತು. ಡಾಕ್ಟರು ಹೇಳಿದಷ್ಟು ವಾರ ತಗೊಂಡು ನಿಲ್ಲಿಸುವುದು ಬೇರೆ. ನನ್ನ ಗೆಳೆಯನೊಬ್ಬ ಒಂದು ವರ್ಷದಿಂದ ಪ್ರತಿ ಭಾನುವಾರ ತಪ್ಪದೆ ಕುಡಿಯುತ್ತಿದ್ದ. ಯಾಕೋ ಅಂದರೆ, "ವಿಟಮಿನ್ ತಾನೇ ಗುರೂ, ಏನಾಗುತ್ತೆ?" ಅಂದ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳಬಹುದು, ಅದೇ ಆಗಬಹುದಾದದ್ದು.

30 ಅನ್ನುವ ಗೆರೆ ಎಳೆದವರು ಯಾರು?

ಕೊರತೆ ಅನ್ನುವುದು ಎಲ್ಲಿ ಗೆರೆ ಎಳೆಯುತ್ತೀರಿ ಅನ್ನುವುದರ ಮೇಲಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ತನ್ನ ವರದಿಯಲ್ಲಿ, ರಕ್ತದಲ್ಲಿ 20 ಇದ್ದರೆ ನೂರಕ್ಕೆ 97 ಜನಕ್ಕೂ ಸಾಕು ಅಂದಿತು. 2011ರಲ್ಲಿ ಅಲ್ಲಿನ ಎಂಡೋಕ್ರೈನ್ ಸೊಸೈಟಿ ಹೊರಡಿಸಿದ ಮಾರ್ಗಸೂಚಿ 30ಕ್ಕಿಂತ ಕೆಳಗಿದ್ದರೆ ಸಾಲದು ಅಂತ ಬೇರೆ ಗೆರೆ ಎಳೆಯಿತು. ಗೆರೆ ಹತ್ತು ಅಂಕೆ ಮೇಲೆ ಹೋದ ತಕ್ಷಣ ಕೋಟ್ಯಂತರ ಆರೋಗ್ಯವಂತರು ಕೊರತೆಯವರಾದರು. ಆ ಸಮಿತಿಯ ಮುಖ್ಯಸ್ಥರಾಗಿದ್ದ ಬೋಸ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಹಾಲಿಕ್ ಅವರಿಗೆ ಔಷಧ ಕಂಪನಿಗಳಿಂದಲೂ, ರಕ್ತ ಪರೀಕ್ಷೆ ಮಾಡುವ ಕಂಪನಿಯೊಂದರಿಂದಲೂ ಹಣ ಬರುತ್ತಿತ್ತು ಅಂತ 2018ರಲ್ಲಿ ಕೈಸರ್ ಹೆಲ್ತ್ ನ್ಯೂಸ್ ಮತ್ತು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದವು. ಹಣದಿಂದ ತಮ್ಮ ಅಭಿಪ್ರಾಯ ಬದಲಾಗಿಲ್ಲ ಅಂತ ಹಾಲಿಕ್ ಹೇಳಿದರು. ಅಮೆರಿಕದ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ 2016ರ ಒಂದೇ ವರ್ಷ ಈ ಟೆಸ್ಟಿಗೆ 36.5 ಕೋಟಿ ಡಾಲರ್ ಕೊಟ್ಟಿತ್ತು ಅನ್ನುವುದೂ ಅದೇ ವರದಿಯಲ್ಲಿತ್ತು.

2024ರ ಜೂನ್‌ನಲ್ಲಿ ಅದೇ ಸೊಸೈಟಿ ತನ್ನ ಮಾತನ್ನು ಹಿಂದಕ್ಕೆ ತಗೊಂಡಿತು. 30ರ ಗುರಿಯನ್ನು ಕೈಬಿಟ್ಟಿತು. 75 ವರ್ಷದೊಳಗಿನ ಆರೋಗ್ಯವಂತ ವಯಸ್ಕರಿಗೆ ದಿನನಿತ್ಯದ ಪ್ರಮಾಣಕ್ಕಿಂತ ಹೆಚ್ಚು ವಿಟಮಿನ್ ಡಿ ಬೇಡ, ಸುಮ್ಮಸುಮ್ಮನೆ ಟೆಸ್ಟ್ ಬೇಡ, ಬೊಜ್ಜಿದೆ ಅನ್ನುವ ಒಂದೇ ಕಾರಣಕ್ಕೂ ಟೆಸ್ಟ್ ಬೇಡ ಅಂತ ಸಲಹೆ ಕೊಟ್ಟಿತು. ಮಕ್ಕಳು, ಗರ್ಭಿಣಿಯರು, 75 ದಾಟಿದವರು ಮತ್ತು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವ ಹೆಚ್ಚು ಅಪಾಯದವರಿಗೆ ಕೊಡಬಹುದು ಅಂದಿತು.

ನಮ್ಮ ವಾಟ್ಸಾಪ್ ಗ್ರೂಪಿನ ಆಫರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ. ಆ ರಿಪೋರ್ಟಿನಲ್ಲಿ ಗೆರೆ ಇರುವುದು ಈಗಲೂ 30ಕ್ಕೇ. ತಲುಪಿಸಬೇಕಾದವರು ಯಾರು? ಔಷಧ ಕಂಪನಿಗಳು ಡಾಕ್ಟರುಗಳಿಗೆ ಉಡುಗೊರೆ, ಪ್ರವಾಸ ಕೊಡಬಾರದು ಅಂತ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಒಂದು ಸಂಹಿತೆ ತಂದಿತು. ದೂರು ಬಂದರೆ ವಿಚಾರಣೆ ಮಾಡುವುದು ಔಷಧ ಕಂಪನಿಗಳ ಸಂಘಗಳೇ ರಚಿಸುವ ಸಮಿತಿ. ಕಳ್ಳನ ಕೈಗೇ ಬೀಗದಕೈ ಅನ್ನುವ ಮಾತು ಸ್ವಲ್ಪ ಜೋರಾಯಿತೇನೋ. ಆದರೂ ವ್ಯವಸ್ಥೆ ಇರುವುದು ಹಾಗೆಯೇ.

ಯಾರೂ ಮಾರದ ಔಷಧಿ

ಹಾಗಾದರೆ ನನ್ನಂಥವನ 6.0ಕ್ಕೆ ಏನು ಕೆಲಸ ಮಾಡುತ್ತದೆ? ಉತ್ತರ ಅಮೆರಿಕದಿಂದ ಬರಬೇಕಾಗಿಲ್ಲ, ಪಕ್ಕದ ಚೆನ್ನೈನಲ್ಲಿದೆ. ಡಾ. ಎ. ರಾಮಚಂದ್ರನ್ ಅವರ ತಂಡ ಅಲ್ಲಿ ನಡೆಸಿದ ಮಧುಮೇಹ ತಡೆ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. 531 ಜನರಲ್ಲಿ 421 ಮಂದಿ ಗಂಡಸರು. ಅವರ ಬಿಎಂಐ ಸರಾಸರಿ ಸುಮಾರು 26, ನಮ್ಮ ಆಫೀಸುಗಳಲ್ಲಿ ಕಾಣುವ ಮೈಕಟ್ಟೇ. ಸುಮ್ಮನೆ ಬಿಟ್ಟವರಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು. ದಿನಾ ಅರ್ಧ ಗಂಟೆ ನಡಿಗೆ, ಊಟದ ಬದಲಾವಣೆ ಮತ್ತು ಆಗಾಗ ವಿಚಾರಿಸುವ ಒಂದು ಫೋನ್ ಸಿಕ್ಕವರಲ್ಲಿ ಅದು 39ಕ್ಕೆ ಇಳಿಯಿತು.

ಅದೇ ತಂಡ ಮುಂದೆ 537 ಕೆಲಸಗಾರ ಗಂಡಸರನ್ನೇ ತಗೊಂಡು, ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸಿ ನೋಡಿತು. ನಡೆಯಿರಿ, ಇಷ್ಟು ತಿನ್ನಿ, ಇದು ಬೇಡ, ಇಂಥ ಸಣ್ಣ ಸಣ್ಣ ಸಂದೇಶಗಳು. 2013ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ವರ್ಷದಲ್ಲಿ ಸಂದೇಶ ಬಾರದವರಲ್ಲಿ 27%, ಸಂದೇಶ ಬಂದವರಲ್ಲಿ 18% ಜನಕ್ಕೆ ಕಾಯಿಲೆ ಬಂತು.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಇರಲಾರೆ. ಒಬ್ಬರಿಗೆ ಸಕ್ಕರೆ ಕಾಯಿಲೆ ತಪ್ಪಿಸಲು ವಿಟಮಿನ್ ಡಿಯನ್ನು ಸುಮಾರು 30 ಜನಕ್ಕೆ ಮೂರು ವರ್ಷ ಕೊಡಬೇಕು. ನಡಿಗೆ-ಊಟದ ಕಾರ್ಯಕ್ರಮವಾದರೆ 6ರಿಂದ 7 ಜನಕ್ಕೆ ಸಾಕು. ಎಸ್ಸೆಮ್ಮೆಸ್ ಆದರೆ 11 ಜನಕ್ಕೆ. ಈ ಪ್ರಯೋಗಗಳ ಜನ ಬೇರೆ, ಕಾಲ ಬೇರೆ, ಹಾಗಾಗಿ ತಕ್ಕಡಿಯಲ್ಲಿಟ್ಟು ತೂಗುವ ಹಾಗಿಲ್ಲ. ಆದರೂ ಯಾವ ಕಡೆ ಭಾರ ಅನ್ನುವುದು ಕಾಣುತ್ತದೆ. ಎಸ್ಸೆಮ್ಮೆಸ್ ಅನ್ನು ಯಾರೂ ಅರ್ಧ ರೇಟಿಗೆ ಮಾರುವುದಿಲ್ಲ, ಅದಕ್ಕೆ ಮೆಡಿಕಲ್ ರೆಪ್ ಇಲ್ಲ. ಅದನ್ನು ಮಾಡಬೇಕಾದದ್ದು ಸರ್ಕಾರ.

ನಡೆಯಿರಿ ಅನ್ನುವುದು ಸುಲಭ

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಇನ್ನೊಂದು 'ವಾಕಿಂಗ್ ಮಾಡಿ ಸರ್' ಉಪದೇಶ ಆಗುತ್ತದೆ. ಆದರೆ ನಡೆಯುವುದು ಎಲ್ಲಿ? ಯಾವಾಗ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜಿರುವ ಗಂಡಸರು 2015–16ರಲ್ಲಿ ನೂರಕ್ಕೆ ಸುಮಾರು 22 ಇದ್ದರು. 2019–21ರ ಹೊತ್ತಿಗೆ ಅದು ಸುಮಾರು 31. ಐದೇ ವರ್ಷದಲ್ಲಿ ಇಷ್ಟು ಗಂಡಸರು ಒಟ್ಟಿಗೆ ಸೋಮಾರಿಗಳಾದರಾ? ಹೈದರಾಬಾದಿನ 345 ಐಟಿ ನೌಕರರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 71% ಜನಕ್ಕೆ ಬೊಜ್ಜು, 84% ಜನಕ್ಕೆ ಫ್ಯಾಟಿ ಲಿವರ್ ಇತ್ತು. ಒಂದೇ ನಗರದ ಸಣ್ಣ ಅಧ್ಯಯನ ಹೌದು. ಆದರೆ ಐದು ವರ್ಷ ಅದೇ ಥರದ ಕುರ್ಚಿಯಲ್ಲಿ ಕೂತು ಎದ್ದುಬಂದ ನನಗೆ ಅದು ಆಶ್ಚರ್ಯ ತರಲಿಲ್ಲ. ಬೆಳಗ್ಗೆ ಎಂಟಕ್ಕೆ ಕ್ಯಾಬ್, ರಾತ್ರಿ ಒಂಬತ್ತಕ್ಕೆ ಮನೆ. ಸೂರ್ಯ ಅನ್ನುವವನನ್ನು ಕಾಣುತ್ತಿದ್ದದ್ದು ವೀಕೆಂಡಿನಲ್ಲಿ.

ಇಂಥ ರಾಜ್ಯದಲ್ಲಿ 2024ರಲ್ಲಿ ಐಟಿ ನೌಕರರ ಕೆಲಸವನ್ನು ದಿನಕ್ಕೆ 14 ಗಂಟೆಯವರೆಗೆ ಏರಿಸುವ ಪ್ರಸ್ತಾವ ಬಂತು. ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. 2025ರಲ್ಲಿ ಮತ್ತೆ ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12 ಅನ್ನುವ ಪ್ರಸ್ತಾವ. ಬಿಸಿಲಿನಿಂದ ವಿಟಮಿನ್ ಡಿ ಸಿಗುವುದು ನಡುಹಗಲಿನಲ್ಲಿ, ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ. ಆ ಹೊತ್ತನ್ನು ಆಫೀಸಿಗೆ ಬರೆದುಕೊಟ್ಟ ಮೇಲೆ, ಸ್ಯಾಶೆಯಲ್ಲಿ ಅದನ್ನು ವಾಪಸ್ ಕೊಂಡುಕೊಳ್ಳಬೇಕು.

ಊಟದ ಕಥೆಯೂ ಇದೇ. 2025ರ ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ ಪ್ರಧಾನಿ, ಬೊಜ್ಜು ಇಳಿಸಲು ಅಡುಗೆ ಎಣ್ಣೆಯನ್ನು 10% ಕಡಿಮೆ ಬಳಸಿ ಅಂತ ಕರೆ ಕೊಟ್ಟರು. ಒಳ್ಳೆಯ ಮಾತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾದಾಗ ತಂಪು ಪಾನೀಯಕ್ಕೆ 40% ಆಯಿತು, ಆದರೆ ಬಿಸ್ಕತ್ತು, ಚಾಕೊಲೇಟ್, ನೂಡಲ್ಸ್, ಪ್ಯಾಕೆಟ್ ಖಾರ ತಿಂಡಿ ಎಲ್ಲ 5%ಕ್ಕೆ ಇಳಿದವು. ಪ್ಯಾಕೆಟ್ಟಿನ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಎಚ್ಚರಿಕೆ ಹಾಕುವ ನಿಯಮದ ಬಗ್ಗೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ಕೊಟ್ಟಿತು. ಆಮೇಲೆ ಗಡುವನ್ನೇ ಮುಂದೆ ಹಾಕಬೇಕಾಯಿತು. ಎಣ್ಣೆ ಕಡಿಮೆ ಮಾಡುವುದು ನನ್ನ ಜವಾಬ್ದಾರಿ, ಒಪ್ಪಿದೆ. ಲೇಬಲ್ ಹಾಕಿಸುವುದು ಯಾರದ್ದು?

ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಸಕ್ಕರೆ, ಬಿಪಿ ತಪಾಸಣೆಗೆ ನೆರವಾಗುತ್ತಾರೆ. ಇದು ಸರಿಯಾದ ದಾರಿ. ಹೊಸ್ತಿಲಲ್ಲಿ ನಿಂತವರು ಸಿಕ್ಕ ಮೇಲೆ ಅವರಿಗೆ ಎರಡು ವರ್ಷ ಎಸ್ಸೆಮ್ಮೆಸ್ ಕಳಿಸುವುದಕ್ಕೆ ಎಷ್ಟು ಖರ್ಚಾದೀತು? ಚುನಾವಣೆ ಬಂದರೆ ದಿನಕ್ಕೆ ಹತ್ತು ಕಳಿಸುತ್ತಾರಲ್ಲ, ಅದೇ ಫೋನಿಗೆ.

ಕೊನೆಗೆ ನನ್ನ ವಿಷಯ. ಈಗ ಡಾಕ್ಟರ ಸಲಹೆಯಂತೆ ದಿನಕ್ಕೊಂದು ಸಣ್ಣ ಡೋಸಿನ ಮಾತ್ರೆ ತಗೊಳ್ತೀನಿ, ಮೂಳೆಗೆ ಮತ್ತು ಆ ಚೂರು ಲಾಭಕ್ಕೆ. ಹೊಟ್ಟೆ ಕರಗಲಿ ಅಂತ ಅಲ್ಲ. ಕೆಲಸ ಬದಲಾಗಿದ್ದರಿಂದ ಮಧ್ಯಾಹ್ನ ಊಟಕ್ಕೆ ಮುಂಚೆ ಅರ್ಧ ಗಂಟೆ ನಡೆಯುವ ಅವಕಾಶ ಸಿಕ್ಕಿದೆ. ಫುಟ್‌ಪಾತ್ ಇರುವಷ್ಟು ದೂರ ಫುಟ್‌ಪಾತ್‌ನಲ್ಲಿ, ಆಮೇಲೆ ರಸ್ತೆಯಲ್ಲಿ. ಒಂದೂವರೆ ವರ್ಷದಲ್ಲಿ ಏಳು ಕೆ.ಜಿ. ಇಳಿದೆ, ಎಚ್‌ಬಿಎ1ಸಿ 5.7ಕ್ಕೆ ಬಂದಿದೆ. ಹೊಸ್ತಿಲು ಇನ್ನೂ ದಾಟಿಲ್ಲ, ಹಿಂದಕ್ಕೂ ಪೂರ್ತಿ ಸರಿದಿಲ್ಲ.

ಆ ಅರ್ಧ ಗಂಟೆ ನನಗೆ ಸಿಕ್ಕಿದ್ದು ಕೆಲಸ ಬಿಟ್ಟಿದ್ದರಿಂದ. ಅದೇ ಫ್ಲೋರಿನಲ್ಲಿ ಈಗಲೂ ಕೂತಿರುವ ನನ್ನ ಗೆಳೆಯರಿಗೆ, ಅವರ ಕೆಳಗೆ ಬಿಸಿಲಲ್ಲಿ ಪಾರ್ಸೆಲ್ ಹಿಡಿದು ನಿಂತಿರುವ ಹುಡುಗರಿಗೆ, ಕೆಲಸ ಬಿಡದೆಯೇ ಅದು ಸಿಗಬೇಕು. ಅದನ್ನು ಕೇಳುವ ಜಾಗ ಮೆಡಿಕಲ್ ಶಾಪ್ ಅಲ್ಲ.